ಬೇರು ಅಸಲು, ಹುಲ್ಲು ಬಡ್ಡಿ

ಮಕ್ಕಳೇ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ನಮ್ಮ ಬನ್ನೂರಿನ ಕಡೆ ಹಸುವಿಗೆ ಹಾಕುವ ಸೀಮೆಹುಲ್ಲನ್ನು ಕಂಡರೆ ಠೇವಣಿಯೇ ನೆನಪಾಗುತ್ತದೆ. ಸಜ್ಜೆ ಮತ್ತು ಆನೆಹುಲ್ಲಿನ ಈ ಮಿಶ್ರತಳಿಯನ್ನು ಒಮ್ಮೆ ನೆಟ್ಟರೆ ಬೇರು ಕೆಲವು ವರ್ಷ ಉಳಿಯುತ್ತದೆ. ನೀರಿದ್ದರೆ ಒಂದೂವರೆ ತಿಂಗಳಿಗೊಮ್ಮೆ ಕೊಯ್ಲು. ಬೇರು ಅಸಲು, ಹುಲ್ಲು ಬಡ್ಡಿ!

ಈ ಹುಲ್ಲಿನಿಂದ ಒಲೆಯೂ ಉರಿಯುತ್ತದೆ. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಅನಿಲ ಕೊಡುತ್ತವೆ. ಸಗಣಿ ಇರುವಾಗ ಹುಲ್ಲು ಏಕೆ? ತುಮಕೂರು ಜಿಲ್ಲೆಯ ಪುರ ಗ್ರಾಮದ ಕಥೆ ಕೇಳಿ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ಅಲ್ಲಿ ಗೋಬರ್ ಅನಿಲ ಸ್ಥಾವರ ಕಟ್ಟಿತು. ಊರಿನವರೆಲ್ಲರ ಅಡುಗೆಗೆ ಸಗಣಿ ಸಾಲಲಿಲ್ಲ. ಕೊನೆಗೆ 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ನೀರು, ದೀಪ ಕೊಟ್ಟರು. ಮುಂದೆ ಎಲೆ-ಹುಲ್ಲಿಗೆಂದೇ ಬೇರೆ ಬಗೆಯ ತೊಟ್ಟಿಗಳನ್ನೂ ಅದೇ ಸಂಸ್ಥೆ ರೂಪಿಸಿತು. ಸಗಣಿ ತೊಟ್ಟಿಗೆ ಹುಲ್ಲು ತುರುಕಿದರೆ ಅದು ತೇಲಿ ಮೇಲೆ ಕೆನೆಗಟ್ಟುತ್ತದೆ. ಎಳೆಯದಾಗಿರುವಾಗಲೇ ಕೊಯ್ದು, ಸಣ್ಣಗೆ ಕತ್ತರಿಸಬೇಕು. ಬಲಿತರೆ ಬೇಗ ಕೊಳೆಯದು.

ಆದರೆ ಎಚ್ಚರ ಬೇಕು. ಜರ್ಮನಿಯಲ್ಲಿ ಅನಿಲಕ್ಕಾಗಿ ಮುಸುಕಿನ ಜೋಳವೇ ಹೊಲಗಳನ್ನು ತುಂಬತೊಡಗಿದಾಗ, 2012ರಲ್ಲಿ ಸರ್ಕಾರ ಅದಕ್ಕೊಂದು ಮಿತಿ ಹಾಕಿತು. ನಮ್ಮಲ್ಲೂ ಭತ್ತದ ಗದ್ದೆ ಅನ್ನಕ್ಕಿರಲಿ. ಬದು, ಪಾಳುಭೂಮಿಯಲ್ಲಿ ಹುಲ್ಲು ಬೆಳೆಯಲಿ. ಅದರಲ್ಲೂ ಮೊದಲ ಪಾಲು ಹಸುವಿಗೆ, ನಮ್ಮ ಬನ್ನೂರು ಕುರಿಗೆ, ಮಿಕ್ಕಿದ್ದು ತೊಟ್ಟಿಗೆ. ತೊಟ್ಟಿಯ ಬಗ್ಗಡ ಗೊಬ್ಬರವಾಗಿ ಮತ್ತೆ ಹುಲ್ಲಿನ ಬುಡಕ್ಕೇ ಹೋಗಬೇಕು. ಬಡ್ಡಿ ತಿಂದು ಅಸಲು ಮರೆತರೆ ಖಾತೆ ಬರಿದಾಗುತ್ತದೆ.

ಈ ವಾರ ಅಜ್ಜಿಯನ್ನು ಕೇಳಿ: ಅವರ ಕಾಲದಲ್ಲಿ ಒಲೆಗೆ ಸೌದೆ ಎಲ್ಲಿಂದ ಬರುತ್ತಿತ್ತು, ಹೊತ್ತು ತರುತ್ತಿದ್ದವರು ಯಾರು?