ಕುಣಿಗಲ್ಲಿಗೆ ಅಂಕ ಹಾಕಿದವರು ಯಾರು?

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಜಟಕಾ ಗಾಡಿಗಳು ಓಡುತ್ತಿದ್ದ ಕಾಲದ ಬಾಲವನ್ನು ನಾನು ಕಂಡಿದ್ದೇನೆ. ಭದ್ರಾ ಸೇತುವೆಯ ಈಚೆ ಬದಿಗೆ ಲಾಳ ಕಟ್ಟುವ ಸಾಬರೊಬ್ಬರು ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದರು. ಕುದುರೆ ಕೊಳ್ಳುವವರು ದುಡ್ಡು ಬಿಚ್ಚುವ ಮುಂಚೆ ಅದನ್ನು ಅವರ ಮುಂದೆ ತಂದು ನಿಲ್ಲಿಸಬೇಕು, ಅದು ರೂಢಿ. ಸಾಬರು ಅದರ ಕೆಳದುಟಿ ಬಗ್ಗಿಸುವರು. ‘ಮೂಲೆಹಲ್ಲಿನ ಕುಳಿ ಸವೆದುಹೋಗಿದೆ. ಎಂಟು ತುಂಬಿದೆ ಇದಕ್ಕೆ. ಐದು ಅಂದವನು ನಿಮ್ಮ ಕಿವಿಗೆ ಹೂ ಇಟ್ಟಿದಾನೆ.’ ಕೊಳ್ಳುವವನು ಅನುಮಾನದಿಂದ ನೋಡಿದರೆ ಅವನ ಕೈಯನ್ನೇ ಹಿಡಿದು ಕುದುರೆಯ ಬಾಯೊಳಗೆ ತಳ್ಳುವರು. ‘ನನ್ನ ಮಾತು ಬೇಡ ಮಾರಾಯ್ರೆ, ನಿಮ್ಮ ಬೆರಳು ಹಾಕಿ ನೋಡಿ.’

ಅದೇ ರಸ್ತೆಯಲ್ಲಿ ಇನ್ನೊಂದು ಜಾತಿಯ ಪರೀಕ್ಷಕರೂ ಇದ್ದರು, ದಲ್ಲಾಳಿಗಳು. ಅವರು ಹಲ್ಲಿಗೂ ಗೊರಸಿಗೂ ಕೈ ಹಾಕುತ್ತಿರಲಿಲ್ಲ. ದೂರದಿಂದ ನೋಡಿ ‘ಸುಳಿ ಸರಿ ಇಲ್ಲ’ ಎಂದು ತಲೆ ಆಡಿಸಿದರೆ ಮುಗಿಯಿತು, ಕುದುರೆಯ ಬೆಲೆ ಅರ್ಧಕ್ಕೆ ಬೀಳುತ್ತಿತ್ತು. ಯಾವ ಸುಳಿ, ಎಲ್ಲಿದೆ, ಅದರಿಂದ ಏನು ಕೆಡುತ್ತದೆ ಎಂದು ಕೇಳಿದವನೇ ದಡ್ಡ. ಹಾಗೆ ಬೆಲೆ ಬಿದ್ದ ಕುದುರೆ ಸಂಜೆಯೊಳಗೆ ಅದೇ ದಲ್ಲಾಳಿಯ ನೆಂಟನ ಗಾಡಿಗೆ ಕಟ್ಟಿರುತ್ತಿದ್ದುದನ್ನೂ ನಾನು ನೋಡಿದ್ದೇನೆ.

ಕುಣಿಗಲ್ ಕುದುರೆ ಫಾರಂ ವಿಚಾರ ಎತ್ತಿದಾಗಲೆಲ್ಲ ನನಗೆ ಈ ಸುಳಿಯ ಮಾತು ನೆನಪಾಗಿ ಮೈ ಉರಿಯುತ್ತದೆ.

ಬೀಜದ ಕುದುರೆಯನ್ನು ಆರಿಸುವುದು ಎಂಥ ಕೆಲಸ ಎಂಬುದನ್ನು ಸ್ವಲ್ಪ ನೋಡಿ. ಜರ್ಮನಿಯ ಸೆಲ್ಲೆ ಎಂಬ ಊರಿನಲ್ಲಿ 1735ರಿಂದ ಸರ್ಕಾರಿ ಕುದುರೆ ಲಾಯವಿದೆ. ಹನೋವರ್ ತಳಿಯ ಗಂಡುಗಳ ಆಯ್ಕೆ ವೆರ್ಡನ್ ಎಂಬಲ್ಲಿ ನಡೆಯುತ್ತದೆ. ಎರಡೂವರೆ ವರ್ಷದ ಎಳೆಯ ಕುದುರೆಗಳು ಬರುತ್ತವೆ. ಪಶುವೈದ್ಯರು ಕೀಲುಗಳ ಎಕ್ಸ್‌ರೇ ನೋಡುತ್ತಾರೆ. ಗಟ್ಟಿ ನೆಲದ ಮೇಲೆ ನಡೆಸುತ್ತಾರೆ, ಸವಾರನಿಲ್ಲದೆ ಅಡ್ಡಗಟ್ಟೆ ಹಾರಿಸುತ್ತಾರೆ. ಸುತ್ತ ಜನ ಕೂತಿರುತ್ತಾರೆ. ಸಮಿತಿ ಎಲ್ಲರೆದುರು ತೀರ್ಪು ಹೇಳುತ್ತದೆ. ಪಾಸಾದದ್ದು ಮುಂದೆ ಸವಾರಿಯ ಪರೀಕ್ಷೆಯಲ್ಲೂ ಗೆಲ್ಲಬೇಕು. ಫೇಲಾದದ್ದಕ್ಕೆ ಸಾಮಾನ್ಯವಾಗಿ ಬೀಜ ಒಡೆಸುವುದೇ ಗತಿ.

ಇಷ್ಟೆಲ್ಲ ಇದ್ದೂ ಅಲ್ಲಿ ಜಗಳ ತಪ್ಪಿಲ್ಲ. ತಪ್ಪುವುದು ಸಾಧ್ಯವೂ ಇಲ್ಲ. ರೇಸ್ ಕುದುರೆಯಾದರೆ ಗೆರೆ ದಾಟಿದ ಕ್ಷಣವೇ ಅದರ ಅಂಕಪಟ್ಟಿ, ಗಡಿಯಾರಕ್ಕೆ ನೆಂಟರಿಲ್ಲ. ಇಂಥ ಆಯ್ಕೆಯಲ್ಲಿ ಜಿಗಿತದ ಕುದುರೆ, ನಡೆಯ ಕುದುರೆಗೆ ಅಂಕ ಬೀಳುವುದು ಮನುಷ್ಯನ ಕಣ್ಣಿನಿಂದ. ಕಣ್ಣಿಗೆ ಸ್ನೇಹಿತರಿರುತ್ತಾರೆ, ಗಿರಾಕಿಗಳಿರುತ್ತಾರೆ. ಅದಕ್ಕೇ ಸಾಕಣೆದಾರರು ಹಟ ಹಿಡಿಯುವುದು: ಯಾವ ಗುಣಕ್ಕೆ ಎಷ್ಟು ಅಂಕ ಕೊಟ್ಟಿರಿ, ಯಾಕೆ ಕಡಿಮೆ ಕೊಟ್ಟಿರಿ, ಬರೆದು ಕೊಡಿ, ಒಪ್ಪದಿದ್ದರೆ ಮೇಲ್ಮನವಿಗೆ ದಾರಿ ಬಿಡಿ. ಯಾಕೆಂದರೆ ಒಮ್ಮೆ ಬೀಜ ಒಡೆಸಿದ ಮೇಲೆ ಆ ತೀರ್ಪನ್ನು ತಿದ್ದಲು ಬ್ರಹ್ಮನಿಗೂ ಆಗುವುದಿಲ್ಲ. ಫ್ರಾನ್ಸಿನಲ್ಲಿ ಜಾಪ್ಲೂ ಎಂಬ ಕುದುರೆ ಇತ್ತು. ಎತ್ತರ ಬರೀ 158 ಸೆಂಟಿಮೀಟರ್, ಜಿಗಿತದ ಕುದುರೆಗಳ ನಡುವೆ ಗಿಡ್ಡ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಸವಾರ ಪಿಯೆರ್ ದ್ಯುರಾಂಗೆ ಚಿನ್ನ ತಂದುಕೊಟ್ಟದ್ದು ಅದೇ. ಆ ಹೊತ್ತಿಗೆ ಅದರ ಬೀಜ ಒಡೆಸಿ ವರ್ಷಗಳಾಗಿದ್ದವು. ಒಂದು ಮರಿಯೂ ಇಲ್ಲದೆ ಆ ವಂಶ ಅಲ್ಲಿಗೇ ನಿಂತಿತು.

ಈಗ ಕುಣಿಗಲ್ಲಿಗೆ ಬನ್ನಿ. ಭದ್ರಾವತಿಯಿಂದ ಹೋಗುವವರು ತುಮಕೂರಿನಲ್ಲಿ ಬಸ್ಸು ಬದಲಿಸಬೇಕು. ಹೈದರ್–ಟಿಪ್ಪು ಕಾಲದಿಂದ ಅಲ್ಲಿ ಕುದುರೆ ಸಾಕಣೆ ನಡೆದಿದೆ. ದಂಡಿಗೆ ಕುದುರೆ ಬೇಕಿತ್ತು, ಅದಕ್ಕೆ ಹುಲ್ಲುಗಾವಲು ಬೇಕಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಲಾಯ ಬೀಳಲಿಲ್ಲ. ಕಂಪನಿಯವರು ಬಂದರು, ಅರಸರು ಬಂದರು, ಪ್ರಜಾಸರ್ಕಾರ ಬಂತು, ಕುದುರೆ ಮಾತ್ರ ಮೇಯುತ್ತಲೇ ಇತ್ತು. 1992ರಲ್ಲಿ ಫಾರಂ ಅನ್ನು 30 ವರ್ಷದ ಗುತ್ತಿಗೆಗೆ ವಿಜಯ್ ಮಲ್ಯರ ಕಂಪನಿಗೆ ಕೊಟ್ಟರು. ಅಲ್ಲಿ ಹುಟ್ಟಿದ ಒಂದೊಂದು ರೇಸ್ ಮರಿಗೂ ತಂದೆ ಯಾರು, ತಾಯಿ ಯಾರು ಎಂದು ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ದಾಖಲೆಯಿದೆ. ಈ ರೇಸ್ ತಳಿಯಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಪುಸ್ತಕಕ್ಕೇ ಸೇರಿಸುವುದಿಲ್ಲ, ಅಷ್ಟು ಕಟ್ಟುನಿಟ್ಟು.

2024ರಲ್ಲಿ ರಾಜ್ಯ ಸರ್ಕಾರ ಅದೇ ಫಾರಂನ 421 ಎಕರೆಯಲ್ಲಿ ಟೌನ್‌ಶಿಪ್ ಕಟ್ಟಲು ಹೊರಟಿತು.

ಮರಿ ಹುಟ್ಟಿಸುವುದಕ್ಕೆ ಅಷ್ಟು ದಾಖಲೆ, ಮರಿ ಹುಟ್ಟುವ ನೆಲವನ್ನೇ ಮುಗಿಸುವುದಕ್ಕೆ? ನಮ್ಮ ಕಿವಿಗೆ ಬಿದ್ದದ್ದು ಎಕರೆಯ ಲೆಕ್ಕ ಒಂದೇ. ಎಷ್ಟು ಹೆಣ್ಣು ಕುದುರೆ, ಎಷ್ಟು ಬೀಜದ ಕುದುರೆ, ಎಷ್ಟು ತಲೆಮಾರಿನ ರಕ್ತ, ಎಷ್ಟು ಮರ, ತಲೆತಲಾಂತರದಿಂದ ಅಲ್ಲೇ ಹುರುಳಿ ಬೇಯಿಸಿ, ಮೈ ತಿಕ್ಕಿ, ರಾತ್ರಿಯೆಲ್ಲ ಎದ್ದು ಕೂತು ಮರಿ ಹಾಕಿಸಿದ ಲಾಯದಾಳುಗಳು ಎಷ್ಟು ಜನ? ಇವಕ್ಕೆಲ್ಲ ಯಾವ ಸಮಿತಿ ಯಾವ ಹಾಳೆಯ ಮೇಲೆ ಎಷ್ಟೆಷ್ಟು ಅಂಕ ಹಾಕಿತು? ಎಕ್ಸ್‌ರೇ ತೆಗೆದವರು ಯಾರು? ನಡೆಸಿ ನೋಡಿದವರು ಯಾರು? ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್, ಹೆದ್ದಾರಿ ಪಕ್ಕ, ಸೈಟು ಹಾಕಿದರೆ ಚಿನ್ನ ಎಂದಷ್ಟೇ ನೋಡಿದ ಕಣ್ಣು ನಮ್ಮ ದಲ್ಲಾಳಿಯ ಕಣ್ಣೇ. ಸುಳಿ ಸರಿ ಇಲ್ಲವಂತೆ.

ಕ್ಯಾಂಟೀನಿನಲ್ಲಿ ಈ ಮಾತು ಬಂದಾಗ ಗೆಳೆಯನೊಬ್ಬ ನಕ್ಕುಬಿಟ್ಟ. ‘ಅಲ್ಲೋ, ಕುದುರೆ ಜೂಜು ಆಡೋರ ಲಾಯ ಅದು. ಮಲ್ಯನ ಕುದುರೆಗೆ ಓಲ್ಡ್ ಟೌನಿನ ನೀನ್ಯಾಕೆ ಅಳ್ತೀಯ?’ ಪ್ರಶ್ನೆ ಸರಿಯಾದದ್ದೇ. ರೇಸಿನ ಬಗ್ಗೆ ನನಗೆ ಯಾವ ಪ್ರೀತಿಯೂ ಇಲ್ಲ, ಅದರಿಂದ ಮನೆ ಕಳೆದುಕೊಂಡವರನ್ನು ಬಲ್ಲೆ. ಆದರೆ ಗುತ್ತಿಗೆದಾರ ಬೇರೆ, ಗುತ್ತಿಗೆ ಕೊಟ್ಟ ಆಸ್ತಿ ಬೇರೆ. ಬಾಡಿಗೆದಾರ ಕೆಟ್ಟವನೆಂದು ಯಾರಾದರೂ ಅಜ್ಜನ ಮನೆಗೆ ಬುಲ್ಡೋಜರ್ ಹತ್ತಿಸುತ್ತಾರೆಯೇ? ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಅವರು ಏರಿದ್ದ ಕುದುರೆ ಹೊರದೇಶದಿಂದ ತಂದದ್ದು. ಜಿಗಿತದ ಕುದುರೆಗೆ ನಮ್ಮ ಸವಾರರು ಇಂದಿಗೂ ಯುರೋಪಿಗೇ ಹೋಗಬೇಕು. ಇಲ್ಲಿ ಹುಲ್ಲುಗಾವಲಿತ್ತು, ಕೈಕೆಲಸ ಬಲ್ಲವರಿದ್ದರು. ಕುದುರೆಯ ಲಕ್ಷಣ, ಮದ್ದು ಹೇಳುವ ಗ್ರಂಥವನ್ನು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ಬರೆದ ಅಭಿನವಚಂದ್ರನಂಥವರಿದ್ದರು. ರೇಸ್ ಬೇಡವಾದರೆ ಬೇಡ, ಜಿಗಿತದ ತಳಿ ಕಟ್ಟಬಹುದಾದ ನೆಲ ಅದು ಎಂದು ಒಬ್ಬರಿಗೂ ಹೊಳೆಯಲಿಲ್ಲವೇ?

ಮತ್ತೆ, ನಾನು ಭದ್ರಾವತಿಯವನು. ಮುಚ್ಚುವ ಕಾಗದ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. 1918ರಲ್ಲಿ ನಮ್ಮೂರಲ್ಲಿ, ಆಗಿನ ಬೆಂಕಿಪುರದಲ್ಲಿ, ಕಬ್ಬಿಣದ ಕಾರ್ಖಾನೆಗೆ ಕೆಲಸ ಶುರುವಾಯಿತು. ಅದೇ ವರ್ಷದ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳದವರು ದೂರದ ಹೈಫಾದಲ್ಲಿ ಫಿರಂಗಿ, ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆ ನುಗ್ಗಿಸಿದರು. ಒಂದೇ ಸಂಸ್ಥಾನ ಆಗ ಕಬ್ಬಿಣವನ್ನೂ ಕುದುರೆಯನ್ನೂ ಸಾಕುತ್ತಿತ್ತು. 2023ರ ಜನವರಿಯಲ್ಲಿ ಆ ಕಾರ್ಖಾನೆಯೇ ಆದ ನಮ್ಮ ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು ಸೈಲ್ ಪ್ರಕಟಿಸಿದಾಗ ಊರಿಗೆ ಕೇಳಿಸಿದ ಕಾರಣ ಒಂದೇ: ನಷ್ಟ. ಕಾರ್ಮಿಕರು ಬೀದಿಗಿಳಿದು ಕೂತ ಮೇಲೆ ಒಂದಿಷ್ಟು ಕೆಲಸ ಮತ್ತೆ ನಡೆಯಿತು, ಆ ಮಾತು ಬೇರೆ. ಎಂಪಿಎಂ ಕಾಗದದ ಮಿಲ್ಲಿನ ಯಂತ್ರಗಳಂತೂ ಸದ್ದಿಲ್ಲದೆ ಮಲಗಿ ವರ್ಷಗಳಾದವು. ಹೊಟ್ಟೆಗೆ ಹಾಕದೆ ಕಟ್ಟಿಹಾಕಿ, ಬಡಕಲಾದ ಮೇಲೆ ‘ಈ ಕುದುರೆ ಓಡುವುದಿಲ್ಲ’ ಎಂದು ಬರೆಯುವುದನ್ನು ನಾವು ನಮ್ಮ ಕಣ್ಣಾರೆ ಕಂಡಿದ್ದೇವೆ.

ಇಂಥ ಬುದ್ಧಿವಂತಿಕೆ ಹೊಸದೂ ಅಲ್ಲ. ಇಲ್ಲಿಂದ ತರೀಕೆರೆ, ಬೀರೂರು ದಾಟಿದರೆ ಅಜ್ಜಂಪುರ. ಅಮೃತಮಹಲ್ ರಾಸುಗಳ ನೆಲೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಫಿರಂಗಿ ಎಳೆಯಲು ಈ ಎತ್ತುಗಳಿಗೆ ಸಮವಿಲ್ಲ ಎಂದು ಬ್ರಿಟಿಷ್ ದಂಡನಾಯಕರೇ ಹೊಗಳಿದ ತಳಿ. 1860ರಲ್ಲಿ ಮದ್ರಾಸ್ ಸರ್ಕಾರಕ್ಕೆ ಖರ್ಚು ಉಳಿಸುವ ಹುಕಿ ಬಂತು. ಹಿಂಡನ್ನು ಒಡೆದು ಹರಾಜು ಹಾಕಿದರು. ಒಳ್ಳೊಳ್ಳೆಯ ರಾಸುಗಳನ್ನು ಈಜಿಪ್ಟಿನ ಪಾಷಾ ಕೊಂಡೊಯ್ದ. ದಂಡಿಗೆ ಎತ್ತು ಸಿಗದೆ ಬಾಯಿ ಬಾಯಿ ಬಿಟ್ಟು, ಆರೇಳು ವರ್ಷದೊಳಗೆ ಅದೇ ಸರ್ಕಾರ ಅಳಿದುಳಿದ ರಾಸುಗಳನ್ನು ಹುಡುಕಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಪರದೇಶದವರಿಗೆ ಆ ಪಶ್ಚಾತ್ತಾಪವಾದರೂ ಆಯಿತು. ನಮ್ಮವರು ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿ, ಸುತ್ತ ಗೋಡೆ ಕಟ್ಟಿದ ಮೇಲೂ ನಿದ್ದೆ ಕೆಡಿಸಿಕೊಳ್ಳಲಿಲ್ಲ. ಕುರಿ, ದನ ಮೇಯಿಸುತ್ತಿದ್ದವರಿಗೆ ಗೋಡೆ ಎದ್ದ ಮೇಲೆಯೇ ಸುದ್ದಿ ಸಿಕ್ಕಿದ್ದು.

ಕುಣಿಗಲ್ಲಿನ ಆ ಟೌನ್‌ಶಿಪ್ ಕಡತ ಇವತ್ತು ಮೇಜಿನ ಮೇಲಿರಲಿ, ಕಪಾಟಿನೊಳಗಿರಲಿ, ನಾನು ಕೇಳುವುದು ಒಂದು ಹಾಳೆ. ಎಡಗಡೆ ಫಾರಂನ ಒಂದೊಂದು ಗುಣ: ತಳಿ, ನೆಲ, ನೀರು, ಮರ, ಕಟ್ಟಡ, ಕೈಕೆಲಸ. ಬಲಗಡೆ ಅಂಕ. ಕೆಳಗೆ ಅಂಕ ಹಾಕಿದವರ ಸಹಿ. ಅದನ್ನು ಕನ್ನಡದಲ್ಲಿ ಬರೆದು ಕುಣಿಗಲ್ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ. ಊರಿನವರು ಬಂದು ಬೆರಳು ಹಾಕಿ ನೋಡಲಿ. ಅಲ್ಲಿಯವರೆಗೆ ಜೆಸಿಬಿ ಗೇಟಿನ ಹೊರಗೇ ನಿಲ್ಲಲಿ.