ಊರೆಲ್ಲ ಬಲ್ಲ ಗುಟ್ಟು

ಮಾದಕ ಪದಾರ್ಥಗಳ ಕಳ್ಳವ್ಯಾಪಾರವನ್ನು ಕುರಿತ ಪತ್ತೇದಾರಿ ಕಾದಂಬರಿಗಳನ್ನು ನಮ್ಮ ವಾಚಕರಲ್ಲನೇಕರು ಓದಿರಬಹುದು. ಸಣ್ಣದೊಂದು ಹಳ್ಳಿಯೂರು, ನಡುರಾತ್ರಿಯ ಲಾರಿ, ಹೊರಗಿನಿಂದ ಬಂದ ಚತುರ ಪತ್ತೇದಾರ. ಅಪರಾಧಿ ಯಾರೆಂಬುದು ಕೊನೆಯ ಪುಟದ ವರೆಗೂ ಗುಟ್ಟು. ನಿಜವಾದ ಊರುಗಳಲ್ಲಿ ಈ ಕಥೆಯು ತಲೆಕೆಳಗಾಗಿರುವದು. ಅಲ್ಲಿ ಮೊದಲನೆಯ ಪುಟದಲ್ಲಿಯೇ ಅರ್ಧ ಊರಿಗೆ ಸಂಗತಿ ಗೊತ್ತಿರುವದು. ಕೊನೆಯ ವರೆಗೂ ಬಾಯಿ ಬಿಡುವವರು ಮಾತ್ರ ಯಾರೂ ಇರುವದಿಲ್ಲ.

ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿಯಂಥ ಊರನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಮಲಪ್ರಭೆಯ ದಂಡೆಯ ಮೇಲಿನ, ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಾದ ಆ ಊರಿನ ಮೇಲೆ ನಾವು ಯಾವ ಆರೋಪವನ್ನೂ ಹೊರಿಸುತ್ತಿಲ್ಲ. ಅದರ ನೆಲೆಯನ್ನಷ್ಟೇ ನೋಡಿರೆನ್ನುತ್ತೇವೆ. ಪುಣೆ-ಬೆಂಗಳೂರು ಹೆದ್ದಾರಿಯ ಲಾರಿಗಳು ಹಗಲಿರುಳು ಅದರ ಮಗ್ಗುಲಲ್ಲಿಯೇ ಹಾಯುವವು. ಸಕ್ಕರೆ ಕಾರಖಾನೆಯ ಸುತ್ತಲೂ ಆಳೆತ್ತರದ ಕಬ್ಬು. ಇಂಥ ನೆಲೆಯ ಊರುಗಳು ನಾಡಿನಲ್ಲಿ ಹಲವಿವೆ. ಕಬ್ಬು, ಹತ್ತಿ, ಗೋವಿನಜೋಳಗಳ ಸಾಲಿನ ನಡುವೆ ಬೆಳೆದ ಗಾಂಜಾ ಗಿಡಗಳನ್ನು ಪೋಲೀಸರು ಕಿತ್ತ ವರ್ತಮಾನ ನಮ್ಮ ರಾಜ್ಯದಲ್ಲಿ ಅಪೂರ್ವವೇನಲ್ಲ.

2020ರ ಸೆಪ್ಟೆಂಬರದಲ್ಲಿ ನಡೆದುದನ್ನು ನೆನೆಯಿರಿ. ಬೆಂಗಳೂರಿನ ಪೋಲೀಸರು ನಗರದಲ್ಲಿ ಸಿಕ್ಕ ಸಣ್ಣ ಎಳೆಯೊಂದನ್ನು ಹಿಡಿದು ಕಲಬುರಗಿ ಜಿಲ್ಲೆಯ ಕಾಳಗಿಯ ಕಡೆಗೆ ಹೋದರು. ಅಲ್ಲಿ ಕುರಿದೊಡ್ಡಿಯೊಂದರ ನೆಲದಡಿಯಲ್ಲಿ 1,300 ಕಿಲೋಗ್ರಾಮಿಗೂ ಮಿಕ್ಕ ಗಾಂಜಾ ಸಿಕ್ಕಿತು. ಅದು ಒಡಿಶಾದಿಂದ ಬಂದದ್ದೆಂದು ಪೋಲೀಸರು ಹೇಳಿದರು. ಹದಿಮೂರು ಕ್ವಿಂಟಲು ಸರಕು ಸದ್ದಿಲ್ಲದೆ ಇಳಿಯಲಾರದು. ಅದನ್ನು ಹೂಳುವ ಕುಳಿಯು ಒಂದು ರಾತ್ರಿಯಲ್ಲಿ ತಾನಾಗಿ ಆಗಲಾರದು. ಅದರ ಸುಳಿವು ಸುತ್ತಲಿನವರಿಗೆ ಹತ್ತುವ ಮೊದಲು ರಾಜಧಾನಿಯ ಪೋಲೀಸರಿಗೆ ಹತ್ತಿತೆಂದರೆ ಯಾರು ನಂಬಬೇಕು?

ಕಾಯದೆಯು ಈ ಮೌನವನ್ನು ಮೊದಲೇ ಊಹಿಸಿದೆ. 1985ರ ಮಾದಕ ಪದಾರ್ಥಗಳ ಕಾಯದೆಯ 46ನೆಯ ಕಲಮಿನಂತೆ, ತನ್ನ ಹೊಲದಲ್ಲಿ ಗಾಂಜಾ ಬೆಳೆದಿದ್ದರೆ ಭೂಮಿಯ ಒಡೆಯನು ಕೂಡಲೆ ವರದಿ ಕೊಡತಕ್ಕದ್ದು. 47ನೆಯ ಕಲಮು ಅದೇ ಹೊಣೆಯನ್ನು ಸರಕಾರಿ ನೌಕರರ, ಪಂಚರ, ಸರಪಂಚರ ಹಾಗೂ ಎಲ್ಲ ಗ್ರಾಮಾಧಿಕಾರಿಗಳ ಮೇಲೆ ಹೊರಿಸಿದೆ. ತಿಳಿದೂ ಸುಮ್ಮನಿದ್ದವನು ಶಿಕ್ಷೆಗೆ ಪಾತ್ರನು. ವರ್ತಮಾನವು ಎಲ್ಲಿಂದ ಬಂದಿತೆಂದು ಹೇಳುವಂತೆ ಅಧಿಕಾರಿಯನ್ನು ಬಲವಂತಪಡಿಸಲಾಗದೆಂದು 68ನೆಯ ಕಲಮು ಅಭಯವನ್ನೂ ಕೊಟ್ಟಿದೆ. ಆದರೂ ಜನರು ಬಾಯಿ ಬಿಡರು. ಬೆಳೆದವನು ಬೀಗನಾಗಿರುವನು, ಸಾಗಿಸುವವನು ಚುನಾವಣೆಗೆ ಬೇಕಾದವನು, ಠಾಣೆಯಲ್ಲಿ ಹೇಳಿದ ಮಾತು ಸಂಜೆಯೊಳಗೆ ಚಹದಂಗಡಿಗೆ ಬರುವದೆಂಬ ಅಂಜಿಕೆ ಬೇರೆ. ಈ ಅಂಜಿಕೆಯನ್ನು ಹೋಗಲಾಡಿಸುವದು ಜಿಲ್ಲಾಧಿಕಾರಿಗಳ ಕೆಲಸ.

ಇತ್ತ ಸೆರೆಗೆ ಸಿಕ್ಕುವವರು ಯಾರು? ಬಹುಮಟ್ಟಿಗೆ ಕಿಸೆಯಲ್ಲಿ ಚಿಕ್ಕ ಪೊಟ್ಟಣವಿಟ್ಟುಕೊಂಡ ಹುಡುಗರು. ಅಖಿಲ ಭಾರತ ವೈದ್ಯಕೀಯ ಸಂಸ್ಥೆಯು ಸರಕಾರಕ್ಕಾಗಿ ಮಾಡಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಮೇರೆಗೆ, ದೇಶದಲ್ಲಿ ಭಂಗಿ ಗಾಂಜಾಗಳನ್ನು ಸೇವಿಸುವವರು ಸುಮಾರು 3.1 ಕೋಟಿ. ಇಷ್ಟು ಜನರಿಗೆ ಸಾಲುವ ಸೆರೆಮನೆಗಳಿಲ್ಲ. ಅವು ಇದಕ್ಕೆ ಮದ್ದೂ ಅಲ್ಲ. 20 ಕಿಲೋಗ್ರಾಮಿಗೆ ಮೀರಿದ ಗಾಂಜಾಕ್ಕೆ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿಣ ಶಿಕ್ಷೆಯನ್ನು ವಿಧಿಸಿದ ಕಾಯದೆಯೇ, ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ, ಸೇವನೆಗೂ ಅಲ್ಪ ಪ್ರಮಾಣದ ಅಪರಾಧಕ್ಕೂ ಮೊಕದ್ದಮೆಯಿಲ್ಲವೆಂದು 64-ಎ ಕಲಮಿನಲ್ಲಿ ಹೇಳಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯು ಈ ಭಾಗದವರಿಗೆ ದೂರವಲ್ಲ. ಮಾನ ಹೋದೀತೆಂದು ಮಗನನ್ನು ಒಳಮನೆಯಲ್ಲಿ ಬಚ್ಚಿಡುವ ತಂದೆತಾಯಿಗಳಿಗೆ ಈ ಕಲಮನ್ನು ತಿಳಿಯಹೇಳುವವರು ಬೇಕಾಗಿದ್ದಾರೆ.

ಆದಕಾರಣ ನಮ್ಮ ಸೂಚನೆ ಎರಡು. 47ನೆಯ ಕಲಮನ್ನು ಪ್ರತಿಯೊಂದು ಪಂಚಾಯಿತಿಯ ಸಭೆಯಲ್ಲಿ ವರ್ಷಕ್ಕೊಮ್ಮೆ ಓದಿ ಹೇಳಬೇಕು. ಗಾಂಜಾ ಸಿಕ್ಕಲ್ಲಿ, ಆ ಹೊಲದ ಸಂಗತಿ ಗ್ರಾಮಾಧಿಕಾರಿಗೆ ಗೊತ್ತಿತ್ತೇ ಎಂಬ ವಿಚಾರಣೆಯೂ ಆಗಬೇಕು. ಶಾಲೆ, ದವಾಖಾನೆಗಳ ಗೋಡೆಯ ಮೇಲೆ 64-ಎ ಕಲಮಿನ ಸಾರವನ್ನು ತಿಳಿಗನ್ನಡದಲ್ಲಿ ಬರೆಯಿಸಬೇಕು. ಮಾರುವವನಿಗೆ ಊರಿನ ಮೌನ ದೊರೆಯದಂತೆಯೂ ಕೆಟ್ಟ ಹುಡುಗನಿಗೆ ಊರಿನ ಆಸರೆ ತಪ್ಪದಂತೆಯೂ ನೋಡಿಕೊಳ್ಳುವದು ಅಧಿಕಾರಿಗಳ ಹಾಗೂ ಊರ ಮಹಾಜನರ ಕೂಡುಹೊಣೆಯೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.