ಕೋಳಿಗೆ ಹೊದಿಕೆ ಹೊದಿಸುವವರಿಗೆ

ಮಾರ್ಗಶಿರ ಬಂತೆಂದರೆ ನಮ್ಮ ಯಲಹಂಕದ ಬೀದಿಯಲ್ಲಿ ಕೋಳಿ ಸಾಕಿರುವ ನಾಲ್ಕಾರು ಮನೆಯವರಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕುತ್ತದೆ. ಗೂಡಿನ ಸುತ್ತ ನೀಲಿ ಪ್ಲಾಸ್ಟಿಕ್, ಅದರ ಮೇಲೆ ಗೋಣಿಚೀಲ, ಒಳಗೆ ರಾತ್ರಿಯಿಡೀ ಉರಿಯುವ ಬಲ್ಬು. "ಪಾಪ, ಚಳಿ ಅಲ್ವಾ ಮಿಸ್!" ಎನ್ನುತ್ತಾರೆ. ಈ ಕರುಣೆಯ ಮೇಲೆ ನನ್ನ ತಕರಾರಿದೆ. ನಾನೂ ಅದೇ ತಪ್ಪು ಮಾಡಿದವಳು, ಆದ್ದರಿಂದ ಬಾಯಿಬಿಟ್ಟು ಹೇಳುತ್ತೇನೆ.

ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ರೂಪುಗೊಂಡ ಗಿರಿರಾಜ ತಳಿಯ ಆರು ಹೇಟೆಗಳನ್ನು ಸಾಕಿದ್ದೆ. ಮೊದಲ ಚಳಿಗಾಲದಲ್ಲಿ ಗಾಳಿ ನುಸುಳದಂತೆ ಗೂಡನ್ನು ಮುಚ್ಚಿದೆ. ಪುಷ್ಯಮಾಸದ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹಿಕ್ಕೆಯ ಘಾಟು ಕಣ್ಣಿಗೆ ಚುಚ್ಚಿತು. ಪ್ಲಾಸ್ಟಿಕ್ಕಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೋಳಿಗಳ ಕಣ್ಣು ಊದಿ ಮೂಗು ಸೋರುತ್ತಿತ್ತು. ವಾರದೊಳಗೆ ಎರಡು ಸತ್ತವು. ಅವುಗಳಲ್ಲೊಂದು, ನಾನು ಶಾಲೆಯಿಂದ ಬರುವ ಹೊತ್ತಿಗೆ ಗೇಟಿನ ಬಳಿ ಕಾದಿರುತ್ತಿದ್ದದ್ದು. ಸೊಪ್ಪು ಮಾರುವ ಅಜ್ಜಿ ಗೂಡನ್ನೊಮ್ಮೆ ನೋಡಿ, "ಚಳಿಗೆ ಸತ್ತಿಲ್ಲ ಕಣವ್ವ, ಉಸ್ರು ಕಟ್ಟಿ ಸತ್ತವೆ" ಎಂದಳು. ನನ್ನ ಬಿ.ಎ., ಬಿ.ಎಡ್. ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ದಾಖಲೆಯ ಚಳಿ, 1884ರ ಜನವರಿಯದು, 7.8 ಡಿಗ್ರಿ. ಪುಕ್ಕ ಉಬ್ಬಿಸಿ ನಡುವೆ ಗಾಳಿ ಹಿಡಿದಿಟ್ಟುಕೊಂಡು ಕೂತರೆ ಬೆಳೆದ ಕೋಳಿಗೆ ಅದು ಲೆಕ್ಕಕ್ಕಿಲ್ಲ. ಅದನ್ನು ಕೊಲ್ಲುವುದು ತೇವ. ರಾತ್ರಿಯಿಡೀ ಬಿಟ್ಟ ಉಸಿರು, ಹಿಕ್ಕೆಯಿಂದೇಳುವ ಅಮೋನಿಯಾ ಎರಡಕ್ಕೂ ಹೊರಹೋಗಲು ಸೂರಿನ ಕೆಳಗೆ, ಕೋಳಿಯ ತಲೆಗಿಂತ ಮೇಲೆ, ತಂತಿಬಲೆ ಹೊಡೆದ ಕಿಂಡಿ ಬೇಕು. ಕೂತ ಕೋಳಿಯ ಮೈಗೆ ನೇರ ಗಾಳಿ ಬಡಿಯದಂತೆ ಕೆಳಗಷ್ಟೇ ಮರೆ ಕಟ್ಟಿ, ಸಾಕು.

ಇನ್ನು ಕೂರುವ ಅಡ್ಡಗೋಲು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಕಬ್ಬಿಣದ ಪೈಪು ತೂರಿಸಿ ಮುಗಿಸುತ್ತಾರೆ. ಚಳಿಯಲ್ಲಿ ಕಬ್ಬಿಣ ಹಿಡಿದು ರಾತ್ರಿ ಕಳೆಯಲು ಇವರೊಮ್ಮೆ ನೋಡಲಿ! ಎರಡು ಇಂಚು ಅಗಲದ ಮರದ ಪಟ್ಟಿ ಸಾಕು, ಅಂಚು ಉಜ್ಜಿ ನಯಮಾಡಿದ್ದು. ಅದರ ಮೇಲೆ ಪಾದ ಚಪ್ಪಟೆಯಾಗಿ ಊರಿ ಕೂತರೆ ಹೊಟ್ಟೆಯ ಪುಕ್ಕ ಬೆರಳುಗಳನ್ನು ಮುಚ್ಚುತ್ತದೆ. ಒಂದೊಂದಕ್ಕೆ ಒಂದು ಗೇಣು ಜಾಗ. ಗಿರಿರಾಜದಂಥ ಭಾರದ ಕೋಳಿಗೆ ಒಂದೂವರೆ ಅಡಿ ಎತ್ತರ ಮೀರಬಾರದು, ಧುಮುಕಿದರೆ ಪಾದಕ್ಕೆ ಪೆಟ್ಟು. ಕೆಳಗೆ ಒಣ ಭತ್ತದ ಹೊಟ್ಟು, ಮಲಗುವ ಮುಂಚೆ ಒಂದು ಹಿಡಿ ಜೋಳ.

ಬಲ್ಬಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮರಿಗಳಿಗೆ ಕಾವು ಬೇಕು, ಒಪ್ಪುತ್ತೇನೆ. ಬೆಳೆದ ಹೇಟೆಗೆ ಯಾಕೆ? ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಯೂ ಇಲ್ಲ. ಬೆಳಕು ಕಡಿಮೆಯಾದರೆ ಹೇಟೆ ಮೊಟ್ಟೆ ಕಡಿಮೆ ಮಾಡುತ್ತದೆ. ಬಲ್ಬು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾದರೆ ಮೊಟ್ಟೆಗೆ ಎಂದೇ ಹೇಳಿ, ಪಾಪ ಎನ್ನಬೇಡಿ. ಹೇಳಿಯೂ ಇಡೀ ರಾತ್ರಿ ಉರಿಸಬೇಡಿ, ಅದಕ್ಕೂ ಕತ್ತಲು ಬೇಕು, ನಿದ್ದೆ ಬೇಕು. ಜ್ವರ ಬಂದ ದಿನವೂ ಐದಕ್ಕೆದ್ದು ಅಡುಗೆಮನೆಯ ದೀಪ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಎದುರುಮನೆಯಾಕೆ ನನ್ನ ಮಾತು ಕೇಳಿ ನಿನ್ನೆ ಪ್ಲಾಸ್ಟಿಕ್ಕಿನ ಮೇಲಂಚು ಕತ್ತರಿಸಿದ್ದಾರೆ. ಬಲ್ಬು ಮಾತ್ರ ಇನ್ನೂ ಉರಿಯುತ್ತಿದೆ.